ಚಕ್ರದೊಳಗಿನ ಕೆಸರು

ಆಷಾಢದ ಒಂದು ಬೆಳಗ್ಗೆ. ತೀರ್ಥಹಳ್ಳಿಯ ಕಡೆಯ ತೋಟದ ದಾರಿಗಳಲ್ಲಿ ಹಿಂದಿನ ದಿನವೆಲ್ಲ ಓಡಾಡಿ, ರಾತ್ರಿ ಶಿವಮೊಗ್ಗದಲ್ಲಿ ತಂಗಿದ್ದ ಲಾರಿಯೊಂದು ಭದ್ರಾವತಿಯತ್ತ ಹೊರಡುತ್ತದೆ. ಊರು ದಾಟುವ ತನಕ ಅದರ ನಡೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹೆದ್ದಾರಿಗೆ ಬಂದು ವೇಗ ಗಂಟೆಗೆ ೫೦ ಕಿಲೋಮೀಟರನ್ನು ಮೀರಿತೋ ಇಲ್ಲವೋ, ಸ್ಟೇರಿಂಗು ಚಾಲಕನ ಕೈಯಲ್ಲಿ ನಡುಗತೊಡಗುತ್ತದೆ. ವೇಗ ಇನ್ನಷ್ಟು ಏರಿದರೆ ನಡುಕ ಗಾಡಿಯ ಮೈಗೆಲ್ಲ ಹಬ್ಬುತ್ತದೆ. ಇಳಿದು ನೋಡಿದರೆ ಟಯರಿನಲ್ಲಿ ಗಾಳಿ ಸರಿಯಾಗಿದೆ, ನಟ್ಟುಗಳು ಬಿಗಿಯಾಗಿವೆ, ಮುರಿದದ್ದು, ಬಾಗಿದ್ದು ಏನೂ ಕಣ್ಣಿಗೆ ಬೀಳದು. ನಿನ್ನೆ ಸಂಜೆ ನೆಟ್ಟಗಿದ್ದ ಗಾಡಿಗೆ ರಾತ್ರಿ ಬೆಳಗಾಗುವುದರೊಳಗೆ ಏನಾಯಿತು?

ಮಳೆಗಾಲದ ಮಲೆನಾಡಿನಲ್ಲಿ ಇಂಥ ಪ್ರಸಂಗ ಅಪರೂಪವಲ್ಲ. ಅನುಭವವುಳ್ಳ ಚಾಲಕನಾದರೆ ನೆಲಕ್ಕೆ ಮೊಣಕಾಲೂರಿ, ಮುಂದಿನ ಚಕ್ರದ ಹಿಂಬದಿಗೆ ಕೈಯಾಡಿಸುತ್ತಾನೆ. ಅಲ್ಲಿ, ಹೊರಗಿನಿಂದ ಕಾಣದ ಮೂಲೆಯಲ್ಲಿ, ಇಟ್ಟಿಗೆಯಂತೆ ಗಟ್ಟಿಯಾದ ಕೆಂಪು ಮಣ್ಣಿನ ಹೆಂಟೆಯೊಂದು ಕೈಗೆ ತಾಕುತ್ತದೆ. ಅನುಭವ ಸಾಲದವನಾದರೆ, “ಕೆಸರು ತಾನೆ? ಜೋರಾಗಿ ಓಡಿಸಿದರೆ ತಾನಾಗಿ ಉದುರಿಹೋಗುತ್ತದೆ” ಎಂದುಕೊಂಡು ಮತ್ತೆ ಹತ್ತಿ ಕೂರುತ್ತಾನೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಸುಳ್ಳಾದ ಉಳಿದರ್ಧ ಎಷ್ಟು ಅಪಾಯಕಾರಿಯೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಹಿಮದ ನಾಡು, ಕೆಸರಿನ ನಾಡು

ಹಿಮ ಬೀಳುವ ದೇಶಗಳಲ್ಲಿ ವಾಹನ ನಡೆಸುವವರು ಇದೇ ಕಾಯಿಲೆಯನ್ನು ಬೇರೊಂದು ವೇಷದಲ್ಲಿ ಬಲ್ಲರು. ಕೆನಡದಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ನೆಲೆಸಿರುವ ಕನ್ನಡಿಗರನ್ನು ಕೇಳಿದರೆ ಹೇಳುತ್ತಾರೆ: ಹಿಮಪಾತವಾದ ಮರುದಿನ ಕಾರು ಹೆದ್ದಾರಿಗೇರಿದ ಕೂಡಲೇ ಗಡಗಡನೆ ನಡುಗುವುದುಂಟು. ಚಕ್ರದ ಒಳಗೆ ಸೇರಿಕೊಂಡ ಹಿಮವೇ ಅದಕ್ಕೆ ಕಾರಣ. ನಮ್ಮ ದೇಶದಲ್ಲಿಯೇ ಲಡಾಖಿನ ದಾರಿಗಳಲ್ಲಿ ಸಾಮಾನು ಸಾಗಿಸುವ ಲಾರಿಗಳಿಗೂ ಚಳಿಗಾಲದಲ್ಲಿ ಇದು ತಪ್ಪಿದ್ದಲ್ಲ.

ಶಿವಮೊಗ್ಗದಲ್ಲಿ ಹಿಮವಿಲ್ಲ, ಮಳೆಯಿದೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮೂಡಲಿಗೆ ಬಂದಂತೆ ಮಳೆ ಬಹಳ ಬೇಗ ಕಡಮೆಯಾಗುತ್ತದೆ; ಶಿವಮೊಗ್ಗ, ಭದ್ರಾವತಿಗಳಲ್ಲಿ ಬೀಳುವುದು ಅದರ ಸಣ್ಣ ಪಾಲು ಮಾತ್ರ. ಪಡುವಣದ ಕಾಡು ತೋಟಗಳಲ್ಲಿ ಜಂಬಿಟ್ಟಿಗೆಯ ಕೆಮ್ಮಣ್ಣು. ಭದ್ರಾವತಿಯಿಂದ ಆಚೆಗೆ ಬಯಲುಸೀಮೆಯತ್ತ ಸಾಗಿದಂತೆ ಅಲ್ಲಲ್ಲಿ ಎರೆಮಣ್ಣು. ಭದ್ರಾ ನಾಲೆಯ ಕೆಳಗೆ ಗದ್ದೆಯ ಅಂಟು ಮಣ್ಣು. ಅಡಕೆ, ಭತ್ತ, ಕಬ್ಬು, ಮರಮುಟ್ಟು, ಮರಳು, ಕಲ್ಲು ಇವೆಲ್ಲ ಹೊರಡುವುದು ಇಂಥ ಮಣ್ಣಿನ ದಾರಿಗಳಿಂದಲೇ. ಅಲ್ಲಿ ತುಂಬಿದ ಲಾರಿ ಸ್ವಲ್ಪ ಹೊತ್ತಿನಲ್ಲಿಯೇ ಡಾಂಬರಿನ ಹೆದ್ದಾರಿಗೆ ಏರುತ್ತದೆ. ಮಣ್ಣಿನ ದಾರಿ ಚಕ್ರಕ್ಕೆ ಕೆಸರನ್ನು ಕೊಡುತ್ತದೆ. ಡಾಂಬರಿನ ದಾರಿ ವೇಗವನ್ನು ಕೊಡುತ್ತದೆ. ಇವೆರಡೂ ಕೂಡಿದಾಗಲೇ ತೊಂದರೆ ಹುಟ್ಟುವುದು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿದವರಿಗೆ ಈ ಕೆಸರಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ೧೯೨೩ರಲ್ಲಿ ಅಲ್ಲಿ ಬೀಡುಕಬ್ಬಿಣದ ತಯಾರಿಕೆ ಮೊದಲಾಯಿತು. ಅದಕ್ಕೆ ಬೇಕಾದ ಅದುರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಊರಿನ ಹೆಸರಿನಲ್ಲಿಯೇ ಕೆಂಪು ಮಣ್ಣಿದೆ. ಅದುರನ್ನು ಬೆಟ್ಟದಿಂದ ಇಳಿಸಲು ತಂತಿದಾರಿಯನ್ನೂ, ಕಾಡಿನಿಂದ ಸೌದೆಯನ್ನು ತರಲು ಟ್ರಾಮಿನ ಹಳಿಗಳನ್ನೂ ಹಾಕಿದರು. ತಂತಿಯ ಮೇಲೆ ತೂಗುವ ತೊಟ್ಟಿಗೂ ಹಳಿಯ ಮೇಲೆ ಉರುಳುವ ಚಕ್ರಕ್ಕೂ ಕೆಸರಿನ ಗೊಡವೆಯಿಲ್ಲ. ಲಾರಿಗೆ ಈ ಭಾಗ್ಯವಿಲ್ಲ. ಹೊಲದ ಅಂಚಿಗೂ ಕಾಡಿನ ಒಳಕ್ಕೂ ಹೋಗಬಲ್ಲ ಸ್ವಾತಂತ್ರ್ಯಕ್ಕೆ ಅದು ಕೊಡುವ ತೆರಿಗೆಯೇ ಕೆಸರು ಎನ್ನಬಹುದು.

ಮಣ್ಣು ಏಕೆ ಅಂಟುತ್ತದೆ?

ಒಣ ಮಣ್ಣು ಚಕ್ರಕ್ಕೆ ಅಂಟುವುದಿಲ್ಲ, ಧೂಳಾಗಿ ಹಾರಿಹೋಗುತ್ತದೆ. ನೀರೇ ಹೆಚ್ಚಾದ ರಾಡಿಯೂ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಇವೆರಡರ ನಡುವಣ ಹದದಲ್ಲಿ, ರೊಟ್ಟಿಯ ಹಿಟ್ಟಿನಂತೆ ಇರುವಾಗ, ಮಣ್ಣು ಬಿಡದೆ ಮೆತ್ತಿಕೊಳ್ಳುತ್ತದೆ. ಜೇಡಿಯ ಕಣಗಳು ಅತಿ ಸೂಕ್ಷ್ಮವಾದವು. ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕವು. ಇಂಥ ಕಣಗಳ ಮಧ್ಯೆ ನೀರಿನ ತೆಳುಪೊರೆ ಸೇರಿದಾಗ, ಆ ನೀರಿನ ಮೇಲ್ಮೈ ಎಳೆತವು ಕಣವನ್ನು ಕಣಕ್ಕೂ, ಕಣವನ್ನು ಕಬ್ಬಿಣಕ್ಕೂ ಬಿಗಿದು ಹಿಡಿಯುತ್ತದೆ. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಒತ್ತಿ, ಬಿಡಿಸಲು ಎಷ್ಟು ಕಷ್ಟವಾಗುವುದೆಂದು ವಾಚಕರು ನೋಡಿಯೇ ಇರುತ್ತಾರೆ. ಆ ಶಕ್ತಿಯೇ ಇಲ್ಲಿ ಕೋಟಿ ಕೋಟಿ ಕಣಗಳ ನಡುವೆ ದುಡಿಯುತ್ತದೆ. ಮಣ್ಣು ಯಾವ ತೇವದಲ್ಲಿ ಪುಡಿಯಾಗುತ್ತದೆ, ಯಾವ ತೇವದಲ್ಲಿ ಹಿಟ್ಟಿನಂತಾಗುತ್ತದೆ, ಯಾವ ತೇವದಲ್ಲಿ ಹರಿಯುತ್ತದೆ ಎಂಬುದಕ್ಕೆ ೧೯೧೧ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್ ಎಂಬ ವಿಜ್ಞಾನಿ ಎಲ್ಲೆಗಳನ್ನು ಗೊತ್ತುಮಾಡಿದನು. ರಸ್ತೆ ಕಟ್ಟುವ ಇಂಜಿನಿಯರುಗಳು ಇಂದಿಗೂ ಅವನ ಹೆಸರಿನ ಎಲ್ಲೆಗಳನ್ನೇ ಬಳಸುತ್ತಾರೆ.

ಹಿಮದ ನಡವಳಿಕೆಯೂ ಹೀಗೆಯೇ. ಕಡುಚಳಿಯ ಒಣ ಹಿಮ ಸಕ್ಕರೆಯಂತೆ ಉದುರುತ್ತದೆ. ಕೈಯಲ್ಲಿ ಹಿಡಿದು ಒತ್ತಿದರೂ ಉಂಡೆಯಾಗದು. ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಬಂದು ಹಿಮದಲ್ಲಿ ಸ್ವಲ್ಪ ನೀರು ಬೆರೆತಾಗ ಅದು ಅಂಟತೊಡಗುತ್ತದೆ. ಎರಡು ಕಡೆಯೂ ಅಂಟಿಸುವ ವಸ್ತು ನೀರೇ. ಆದರೆ ತೂಕದಲ್ಲಿ ನಮ್ಮ ಕೆಸರಿನದೇ ಮೇಲುಗೈ. ಒಂದು ಲೀಟರಿನಷ್ಟು ಜಾಗದಲ್ಲಿ ಗಟ್ಟಿ ಮಂಜುಗಡ್ಡೆ ಸುಮಾರು ೯೦೦ ಗ್ರಾಂ ತೂಗಿದರೆ, ಹದವಾದ ಜೇಡಿಮಣ್ಣು ಅದರ ಇಮ್ಮಡಿಯಷ್ಟು ತೂಗುತ್ತದೆ. ಮಂಜು ಬಿಸಿಲು ಬಿದ್ದರೆ ಕರಗಿಹೋಗುತ್ತದೆ. ಮಣ್ಣು ಬಿಸಿಲಿಗೆ ಇನ್ನೂ ಗಟ್ಟಿಯಾಗುತ್ತದೆ.

ಹೊರಮೈಯ ಕೆಸರು, ಒಳಮೈಯ ಕೆಸರು

ಈಗ ಮುಖ್ಯ ವಿಷಯಕ್ಕೆ ಬರೋಣ. ಕವಣೆಯಲ್ಲಿಟ್ಟು ತಿರುಗಿಸಿದ ಕಲ್ಲು ಹೊರಕ್ಕೆ ಜಗ್ಗುವುದನ್ನು ಎಲ್ಲರೂ ಬಲ್ಲರು. ತಿರುಗುವ ಚಕ್ರಕ್ಕೆ ಮೆತ್ತಿದ ಪ್ರತಿಯೊಂದು ವಸ್ತುವೂ ಹೀಗೆಯೇ ನಡುವಿನಿಂದ ದೂರ ಸರಿಯಲು ಹವಣಿಸುತ್ತದೆ. ಇದನ್ನು ಕೇಂದ್ರಾಪಗಾಮಿ ಬಲವೆಂದು ಕರೆಯುವುದು ರೂಢಿ.

ಟಯರಿನ ಹೊರಮೈಗೆ, ನೆಲವನ್ನು ತುಳಿಯುವ ಭಾಗಕ್ಕೆ, ಮೆತ್ತಿದ ಕೆಸರನ್ನು ಮೊದಲು ನೋಡಿರಿ. ಅದರ ಹೊರಗಡೆ ಬಯಲಲ್ಲದೆ ಬೇರೇನೂ ಇಲ್ಲ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲಾರಿ ಚಕ್ರದ ರಿಮ್ಮಿನ ಅಡ್ಡಳತೆ ೨೦ ಅಂಗುಲ; ಟಯರೂ ಸೇರಿದರೆ ಹೆಚ್ಚು ಕಡಮೆ ಒಂದು ಮೀಟರು. ಇಂಥ ಚಕ್ರ ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಓಡುವಾಗ ಸೆಕೆಂಡಿಗೆ ಐದು ಸುತ್ತಿಗಿಂತ ತುಸು ಹೆಚ್ಚಾಗಿ ತಿರುಗುತ್ತದೆ. ಆಗ ಟಯರಿನ ಹೊರಮೈಯ ಕೆಸರು ತನ್ನ ತೂಕದ ಐವತ್ತೈದು ಪಟ್ಟಿಗೂ ಮೀರಿದ ಬಲದಿಂದ ಹೊರಕ್ಕೆ ಜಗ್ಗುತ್ತದೆ. ನೂರು ಗ್ರಾಮಿನ ಮುದ್ದೆಯನ್ನು ಐದೂವರೆ ಕಿಲೋಗ್ರಾಮಿನ ಬಲದಿಂದ ಎಳೆದರೆ ಅದು ಎಷ್ಟು ಹೊತ್ತು ಅಂಟಿಕೊಂಡೀತು? ಹೆದ್ದಾರಿಗೇರಿದ ಸ್ವಲ್ಪ ದೂರದಲ್ಲಿಯೇ ಪಟಪಟನೆ ಹಾರಿಹೋಗುತ್ತದೆ. ಅಗಲವಾದ ಗಾಡಿಗಳುಳ್ಳ ಟಯರು ಕೆಸರಿನಲ್ಲಿ ತನ್ನನ್ನು ತಾನೇ ಶುಚಿಮಾಡಿಕೊಳ್ಳುವುದು ಈ ಬಲದಿಂದಲೇ. “ಜೋರಾಗಿ ಓಡಿಸಿದರೆ ಉದುರುತ್ತದೆ” ಎಂಬ ಮಾತು ನಿಜವಾಗುವುದು ಇಲ್ಲಿಗೆ ಮಾತ್ರ.

ರಿಮ್ಮಿನ ಒಳಮೈಯ ಸ್ಥಿತಿ ಬೇರೆ. ಲಾರಿಯ ಚಕ್ರವೆಂದರೆ ಸುತ್ತಲೂ ರಿಮ್ಮಿನ ಬಳೆ, ನಡುವೆ ತಟ್ಟೆಯಾಕಾರದ ಉಕ್ಕಿನ ಹಲಗೆ. ಒಟ್ಟಿನಲ್ಲಿ ಆಳವಾದ ಬೋಗುಣಿಯಂತೆ. ಮುಂದಿನ ಚಕ್ರಗಳಲ್ಲಿ ಈ ಬೋಗುಣಿಯ ಬಾಯಿ ಗಾಡಿಯ ಒಳಗಡೆಗೆ, ಬ್ರೇಕಿನ ಡ್ರಮ್ಮಿನ ಕಡೆಗೆ, ತಿರುಗಿರುತ್ತದೆ. ಕೆಸರು ಅದರೊಳಕ್ಕೆ ಚಿಮ್ಮಿ, ಹಲಗೆಯೂ ರಿಮ್ಮೂ ಕೂಡುವ ಮೂಲೆಯಲ್ಲಿ ಕೂರುತ್ತದೆ. ಚಕ್ರ ತಿರುಗಿದಾಗ ಈ ಕೆಸರೂ ಹೊರಕ್ಕೆ ಜಗ್ಗುತ್ತದೆ. ಆದರೆ ಅದರ ಹೊರಗಡೆ ಇರುವುದು ಬಯಲಲ್ಲ, ಉಕ್ಕಿನ ರಿಮ್ಮು. ಆದಕಾರಣ ಕೆಸರು ಬಿಟ್ಟು ಹಾರುವುದಕ್ಕೆ ಬದಲಾಗಿ ರಿಮ್ಮಿಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಒತ್ತು ಹೆಚ್ಚುತ್ತದೆ. ಹೊರಮೈಯ ಕೆಸರನ್ನು ಬಿಡಿಸುವ ಬಲವೇ ಒಳಮೈಯ ಕೆಸರನ್ನು ಗಿಡಿಯುತ್ತದೆ. ಚಾಲಕನು ಉದುರಿಸಲೆಂದು ಗಾಡಿಯನ್ನು ಓಡಿಸಿದಷ್ಟೂ ತನ್ನ ಚಕ್ರದಲ್ಲಿ ತಾನೇ ಇಟ್ಟಿಗೆ ಅಚ್ಚುಹಾಕಿದಂತಾಗುತ್ತದೆ.

ರಾತ್ರಿಯಲ್ಲಿ ಆಗುವ ಕೆಲಸ

ಕೆಸರು ಚಕ್ರದ ಸುತ್ತಲೂ ಒಂದೇ ಸಮನಾಗಿ ಮೆತ್ತಿಕೊಂಡಿದ್ದರೆ ಅಷ್ಟೇನೂ ಬಾಧೆಯಿಲ್ಲ. ಚಕ್ರದ ತೂಕ ಸ್ವಲ್ಪ ಹೆಚ್ಚಾಯಿತು, ಅಷ್ಟೆ. ಎದುರುಬದುರಿನ ತೂಕಗಳು ಒಂದನ್ನೊಂದು ಸರಿದೂಗಿಸುತ್ತವೆ. ಸಂಜೆ ಗಾಡಿ ನೆಟ್ಟಗೆ ಓಡಿ ಬಂದುದರ ಗುಟ್ಟು ಇದೇ. ಆದರೆ ರಾತ್ರಿ ಗಾಡಿ ನಿಂತಾಗ, ಇನ್ನೂ ಮೆದುವಾಗಿರುವ ಕೆಸರು ಮೇಲಿನಿಂದ ಜಾರಿ ರಿಮ್ಮಿನ ತಳಕ್ಕೆ ಇಳಿಯುತ್ತದೆ. ಅದರ ನೀರು ಸೋರಿಹೋಗುತ್ತದೆ. ಬಿಸಿಯಾಗಿದ್ದ ಬ್ರೇಕಿನ ಡ್ರಮ್ಮು ಪಕ್ಕದಲ್ಲಿಯೇ ಇದ್ದು ಮಣ್ಣನ್ನು ಒಣಗಿಸುತ್ತದೆ. ಬೆಳಗಾಗುವುದರೊಳಗೆ ಹೊರೆಯೆಲ್ಲ ಚಕ್ರದ ಒಂದೇ ಕಡೆ ಗಟ್ಟಿಕಟ್ಟಿ ಕೂತಿರುತ್ತದೆ.

ಹಿಮದ ನಾಡಿನಲ್ಲಿಯೂ ಹೀಗೆಯೇ ನಡೆಯುತ್ತದೆ. ಬ್ರೇಕಿನ ಬಿಸಿಗೆ ಚಕ್ರದೊಳಗಿನ ಹಿಮ ಕರಗಿ ತಳಕ್ಕಿಳಿಯುತ್ತದೆ. ರಾತ್ರಿಯ ಚಳಿಗೆ ಅಲ್ಲಿಯೇ ಮಂಜುಗಡ್ಡೆಯಾಗುತ್ತದೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಒಣಗುವಿಕೆ ಮಾಡುತ್ತದೆ; ಚಾಲಕನಿಗೆ ಸಿಗುವ ಫಲ ಒಂದೇ.

ಅಜ್ಜನ ಗಾಡಿಗೆ ಇಲ್ಲದ ರೋಗ

ಈಗ ಒಂದು ಸಣ್ಣ ಲೆಕ್ಕ. ಚಕ್ರದ ಒಳಮೈಯಲ್ಲಿ ಒಂದೇ ಕಡೆ ಅರ್ಧ ಕಿಲೋಗ್ರಾಂ ಮಣ್ಣು ಕೂತಿದೆಯೆನ್ನೋಣ. ಎರಡು ಹಿಡಿಯಾಗುವಷ್ಟು ಮಣ್ಣು, ಹೆಚ್ಚೇನೂ ಅಲ್ಲ. ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಅದು ಚಕ್ರವನ್ನು ಎಳೆಯುವ ಬಲ ಸುಮಾರು ಒಂದೂವರೆ ಕಿಲೋಗ್ರಾಂ ತೂಕದಷ್ಟು. ೪೦ ಕಿಲೋಮೀಟರಿನಲ್ಲಿ ಅದು ಆರು ಕಿಲೋಗ್ರಾಮನ್ನು ಮೀರುತ್ತದೆ. ೬೦ರಲ್ಲಿ ೧೪, ೮೦ರಲ್ಲಿ ೨೫. ವೇಗ ಇಮ್ಮಡಿಯಾದರೆ ಬಲ ನಾಲ್ವಡಿಯಾಗುವುದನ್ನು ಗಮನಿಸಿರಿ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟಾಗುತ್ತದೆ.

ನಮ್ಮ ಅಜ್ಜಂದಿರ ಎತ್ತಿನ ಗಾಡಿಗಳು ಇದಕ್ಕಿಂತ ಹೆಚ್ಚಿನ ಕೆಸರಿನಲ್ಲಿಯೇ ಹೂತು ಎದ್ದು ಬಂದವು. ಆದರೂ ಗಾಡಿ ನಡುಗಿತೆಂದು ಯಾರೂ ದೂರಲಿಲ್ಲ. ಎತ್ತಿನ ಗಾಡಿಯ ಚಕ್ರ ಅರೆಕಾಲುಗಳುಳ್ಳದ್ದು. ಕೆಸರು ನಿಲ್ಲಲು ಅದರಲ್ಲಿ ಬೋಗುಣಿಯಿಲ್ಲ ಎಂಬುದು ಒಂದು ಕಾರಣ. ಎರಡನೆಯದೂ ಮುಖ್ಯವಾದುದೂ ಆದ ಕಾರಣ ವೇಗ. ನಮ್ಮ ಲಾರಿಯ ಚಕ್ರವನ್ನೇ ಎತ್ತಿನ ನಡಿಗೆಯ ವೇಗದಲ್ಲಿ, ಗಂಟೆಗೆ ೪ ಕಿಲೋಮೀಟರಿನಂತೆ, ಉರುಳಿಸಿದರೆ, ಅದೇ ಅರ್ಧ ಕಿಲೋಗ್ರಾಂ ಮಣ್ಣಿನ ಎಳೆತ ಸುಮಾರು ೬೦ ಗ್ರಾಂ ತೂಕದಷ್ಟಾಗುತ್ತದೆ. ಒಂದು ನಿಂಬೆಹಣ್ಣಿನ ಭಾರ! ೬೦ ಕಿಲೋಮೀಟರು ವೇಗವೆಂದರೆ ಇದರ ೧೫ ಪಟ್ಟು. ಎಳೆತ ಇದರ ೨೨೫ ಪಟ್ಟು. ಹಳೆಯ ಕೆಸರಿಗೆ ಹೊಸ ವೇಗ ಸೇರಿದ್ದರಿಂದ ಹುಟ್ಟಿದ ರೋಗವಿದು.

ಈ ಬಲ ಒಂದೇ ದಿಕ್ಕಿನಲ್ಲಿ ನಿಂತಿದ್ದರೆ ಗಾಡಿಗೆ ತಿಳಿಯುತ್ತಲೂ ಇರಲಿಲ್ಲ. ಟನ್ನುಗಟ್ಟಲೆ ಹೊರುವ ಲಾರಿಗೆ ೧೪ ಕಿಲೋಗ್ರಾಂ ಯಾವ ಲೆಕ್ಕ? ಆದರೆ ಅದು ಚಕ್ರದೊಡನೆ ತಿರುಗುತ್ತದೆ. ಒಂದು ಸುತ್ತಿನಲ್ಲಿ ಒಮ್ಮೆ ಚಕ್ರವನ್ನು ಮೇಲಕ್ಕೆತ್ತುತ್ತದೆ, ಒಮ್ಮೆ ನೆಲಕ್ಕೆ ಒತ್ತುತ್ತದೆ. ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಎಳೆಯುತ್ತದೆ. ಮುಂದು ಹಿಂದಿನ ಈ ಎಳೆದಾಟವೇ ಸ್ಟೇರಿಂಗಿನ ಮೂಲಕ ಚಾಲಕನ ಕೈಗೆ ಬರುವ ನಡುಕ. ಉಯ್ಯಾಲೆಯ ತೂಗಿಗೆ ಹೊಂದಿಸಿ ಮೆಲ್ಲಗೆ ನೂಕುತ್ತಿದ್ದರೆ ಅದು ಹೇಗೆ ಮೇಲೆ ಮೇಲೆ ಏರುವುದೋ ಹಾಗೆ, ಚಕ್ರದ ಸುತ್ತುಗಳು ಗಾಡಿಯ ಮುಂಭಾಗದ ಸಹಜವಾದ ತೂಗಾಟಕ್ಕೆ ಸರಿಹೊಂದಿದಾಗ ನಡುಕ ಬಹಳ ಬಲವಾಗುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಅನುರಣನವೆಂದು ಹೆಸರು. ಒಂದು ಗೊತ್ತಾದ ವೇಗದಲ್ಲಿ ಗಾಡಿ ಹುಚ್ಚೆದ್ದು ನಡುಗಿ, ಅದನ್ನು ದಾಟಿದ ಮೇಲೆ ತುಸು ತಣ್ಣಗಾಗುವುದು ಇದರಿಂದಲೇ. ತಣ್ಣಗಾಯಿತೆಂದು ದೋಷ ಹೋಯಿತೆಂದು ತಿಳಿಯಬಾರದು. ಎಳೆತ ಆಗಲೂ ಬೆಳೆಯುತ್ತಲೇ ಇರುತ್ತದೆ.

ಮನೆಯ ಅಂಗಳದಲ್ಲಿ ಒಂದು ಪ್ರಯೋಗ

ಇದನ್ನು ನಂಬಲು ಲಾರಿಯೇ ಬೇಕಿಲ್ಲ. ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿರಿ. ಹದವಾದ ಜೇಡಿಮಣ್ಣಿನ ಎರಡು ಉಂಡೆಗಳನ್ನು ಮಾಡಿ, ಒಂದನ್ನು ಹಿಂದಿನ ಟಯರಿನ ಹೊರಮೈಗೂ, ಇನ್ನೊಂದನ್ನು ಅದೇ ಚಕ್ರದ ರಿಮ್ಮಿನ ಒಳಮೈಗೆ, ಕಡ್ಡಿಗಳ ನಡುವೆಯೂ ಮೆತ್ತಿರಿ. ಪಕ್ಕಕ್ಕೆ ನಿಂತು ಪೆಡಲನ್ನು ಕೈಯಿಂದ ಮೆಲ್ಲಗೆ ತಿರುಗಿಸಲು ಮೊದಲು ಮಾಡಿ, ಕ್ರಮವಾಗಿ ವೇಗವನ್ನು ಹೆಚ್ಚಿಸಿರಿ. ಹೊರಗಿನ ಉಂಡೆ ಬೇಗನೆ ಸಿಡಿದುಹೋಗುತ್ತದೆ. ಆದುದರಿಂದ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು. ಒಳಗಿನದು ಕದಲುವುದಿಲ್ಲ, ಸೈಕಲ್ಲೇ ನೆಲದ ಮೇಲೆ ಕುಣಿಯತೊಡಗುತ್ತದೆ. ಚಕ್ರವನ್ನು ನಿಲ್ಲಿಸಿ ಆ ಉಂಡೆಯನ್ನು ಮುಟ್ಟಿ ನೋಡಿದರೆ ಅದು ರಿಮ್ಮಿಗೆ ಚಪ್ಪಟೆಯಾಗಿ ಒತ್ತಿಕೊಂಡಿರುವುದು ತಿಳಿಯುತ್ತದೆ. ಅದರ ನೇರ ಎದುರಿಗೆ ಅಷ್ಟೇ ತೂಕದ ಮತ್ತೊಂದು ಉಂಡೆಯನ್ನು ಮೆತ್ತಿ ತಿರುಗಿಸಿದರೆ ಕುಣಿತ ಬಹುಮಟ್ಟಿಗೆ ನಿಂತುಹೋಗುತ್ತದೆ. ಟಯರಿನ ಅಂಗಡಿಯಲ್ಲಿ ರಿಮ್ಮಿನ ಅಂಚಿಗೆ ಸಣ್ಣ ಲೋಹದ ತುಂಡುಗಳನ್ನು ಹೊಡೆದು ಚಕ್ರದ ಸಮತೋಲ ಮಾಡುವುದೂ ಇದೇ ತತ್ತ್ವದಿಂದ. ಕೆಸರು ತುಂಬಿದ ಚಕ್ರವನ್ನು ಹಾಗೆಯೇ ಒಯ್ದು ಸಮತೋಲ ಮಾಡಿಸಿದರೆ ಹಣ ವ್ಯರ್ಥ. ಮಣ್ಣು ಬಿದ್ದ ದಿನ, ಹಾಕಿಸಿದ ತೂಕವೇ ಹೊಸ ದೋಷವಾಗುತ್ತದೆ.

ನಡುಕದಿಂದಾಚೆಗಿನ ಕೇಡು

ನಡುಕದಿಂದ ಕೈ ನೋಯುವುದಷ್ಟೇ ಆಗಿದ್ದರೆ ಈ ವಿಷಯಕ್ಕೆ ಇಷ್ಟು ಮಹತ್ವ ಬೇಕಿರಲಿಲ್ಲ. ೬೦ ಕಿಲೋಮೀಟರು ವೇಗದಲ್ಲಿ ಚಕ್ರ ನಿಮಿಷಕ್ಕೆ ೩೦೦ಕ್ಕೂ ಹೆಚ್ಚು ಬಾರಿ ಹೊಡೆತ ತಿನ್ನುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಇರುವ ಸುಮಾರು ೨೦ ಕಿಲೋಮೀಟರಿನಲ್ಲಿಯೇ ಆರು ಸಾವಿರ ಹೊಡೆತಗಳಾದುವು. ಬೇರಿಂಗು ಸವೆಯುತ್ತದೆ, ಸ್ಟೇರಿಂಗಿನ ಕೀಲುಗಳು ಸಡಿಲುತ್ತವೆ, ಟಯರು ಅಲ್ಲಲ್ಲಿ ತಗ್ಗು ಬಿದ್ದು ಸವೆಯುತ್ತದೆ. ಒದ್ದೆ ರಸ್ತೆಯಲ್ಲಿ, ಚಕ್ರ ಮೇಲಕ್ಕೆ ಜಿಗಿಯುವ ಕ್ಷಣದಲ್ಲಿ, ಟಯರಿನ ಹಿಡಿತವೂ ಕಡಮೆಯಾಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ನಟ್ಟುಗಳದು. ದಾರಿಯಲ್ಲಿ ಟಯರು ಪಂಚರಾಗಿ ಕೆಸರಿನಲ್ಲಿಯೇ ಚಕ್ರ ಬದಲಿಸಬೇಕಾಗಿ ಬಂದಾಗ, ಹಬ್ಬಿಗೂ ಚಕ್ರದ ಹಲಗೆಗೂ ನಡುವೆ, ಅಥವಾ ಹಿಂದಿನ ಜೋಡಿ ಚಕ್ರಗಳ ಎರಡು ಹಲಗೆಗಳ ನಡುವೆ, ತೆಳುವಾದ ಮಣ್ಣಿನ ಪದರ ಸಿಕ್ಕಿಕೊಳ್ಳಬಹುದು. ನಟ್ಟನ್ನು ಆಗ ಎಷ್ಟು ಬಿಗಿದರೂ ಬಿಗಿದದ್ದು ಮಣ್ಣಿನ ಮೇಲೆಯೇ. ಗಾಡಿ ಓಡಿದಂತೆ ಆ ಮಣ್ಣು ಪುಡಿಯಾಗಿ ಉದುರುತ್ತದೆ. ಅದು ತೆರವು ಮಾಡಿದ ಜಾಗದಷ್ಟು ನಟ್ಟು ಸಡಿಲವಾಗುತ್ತದೆ. ಚಕ್ರವೇ ಕಳಚಿ ಉರುಳುವಂಥ ಅನಾಹುತಗಳಿಗೆ ಇಂಥ ಕೂದಲೆಳೆಯಷ್ಟು ಮಣ್ಣು ಸಾಕು. ಕೂಡುವ ಮೈಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಜೋಡಿಸಬೇಕು. ೫೦ರಿಂದ ೧೦೦ ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು.

ಬ್ರೇಕಿಗೂ ಕೆಸರಿಗೂ ಹಗೆತನ ಹಳೆಯದು. ಡ್ರಮ್ಮಿನೊಳಕ್ಕೆ ಹೋದ ಕೆಸರುನೀರು ಘರ್ಷಣೆಯನ್ನು ಕಡಮೆಮಾಡುತ್ತದೆ. ಅದರಲ್ಲಿರುವ ಮರಳು ಡ್ರಮ್ಮನ್ನು ಗೀರುತ್ತದೆ. ಡ್ರಮ್ಮಿನ ಸುತ್ತ ಕಟ್ಟಿದ ಮಣ್ಣು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಬಯಲಿನ ಓಟದಲ್ಲಿ ಇದರ ಪರಿಣಾಮ ತಿಳಿಯದಿದ್ದರೂ, ಕರಾವಳಿಗೆ ಇಳಿಯುವ ಘಾಟಿಗಳಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತುವಾಗ ಡ್ರಮ್ಮು ಕಾದು ಬ್ರೇಕಿನ ಹಿಡಿತ ಕುಗ್ಗುತ್ತದೆ.

ಹಿಂದೆ ಬರುವವರ ಪಾಡು

ಲಾರಿಯ ಹಿಂದಿನ ಜೋಡಿ ಟಯರುಗಳ ಸಂದಿಯಲ್ಲಿ ಕೆಸರಿನೊಡನೆ ಕಲ್ಲುಗಳೂ ಸಿಕ್ಕಿಕೊಳ್ಳುತ್ತವೆ. ಇವು ಟಯರಿನ ಮಗ್ಗುಲನ್ನು ಉಜ್ಜಿ ಕೊರೆಯುವುದು ಲಾರಿಯ ಒಡೆಯನ ನಷ್ಟ. ಆದರೆ ಕಲ್ಲು ಬಿಡಿಸಿಕೊಂಡು ಸಿಡಿದಾಗ ಆಗುವ ನಷ್ಟ ಬೇರೆಯವರದು. ಗಾಡಿ ೬೦ ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೆ, ಗಾಡಿಯಲ್ಲಿ ಕೂತು ನೋಡುವವನಿಗೆ ಟಯರಿನ ಹೊರಮೈಯೂ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಅದರ ತಳದ ಹಿಂಭಾಗದಿಂದ ಬಿಡಿಸಿಕೊಂಡ ಕಲ್ಲು ಹಿಂದಕ್ಕೂ ಮೇಲಕ್ಕೂ ಹಾರುತ್ತದೆ. ಹಿಂದಿನಿಂದ ಅದೇ ವೇಗದಲ್ಲಿ ಬರುತ್ತಿರುವ ಮೋಟಾರು ಸೈಕಲ್ಲಿನವನಿಗೆ ಆ ಕಲ್ಲು ಗಂಟೆಗೆ ಸುಮಾರು ೬೦ ಕಿಲೋಮೀಟರು ವೇಗದಲ್ಲಿ ಎದುರಾದಂತೆಯೇ ಸರಿ. ಗಟ್ಟಿ ಮಣ್ಣಿನ ಹೆಂಟೆಯಾದರೂ ಮುಖಕ್ಕೆ ಬಡಿದರೆ ಕಲ್ಲಿಗೆ ಕಡಮೆಯಿಲ್ಲ. ಚಕ್ರದ ಹಿಂದೆ ರಬ್ಬರಿನ ಪರದೆ ಕಟ್ಟುವುದು ಅಲಂಕಾರಕ್ಕಲ್ಲ.

ಇನ್ನು ರಸ್ತೆಯ ಮೇಲೆ ಉದುರಿದ ಕೆಸರು. ಒಣಗಿದ್ದಾಗ ಅದು ಧೂಳು. ಮರುಮಳೆ ಹನಿದ ಕೂಡಲೇ ಡಾಂಬರಿನ ಮೇಲೆ ಹರಡಿದ ಎಣ್ಣೆಯಂತೆ ಜಾರುತ್ತದೆ. ಇಬ್ಬರು ಕೂತ ಸ್ಕೂಟರು ತಿರುವಿನಲ್ಲಿ ಜಾರಿ ಬೀಳಲು ಇಷ್ಟೇ ಸಾಕು. ಮಣ್ಣಿನ ದಾರಿ ಹೆದ್ದಾರಿಗೆ ಕೂಡುವ ಸ್ಥಳದಲ್ಲಿ ಚಕ್ರಗಳನ್ನು ಬಿಡಿಸಿಕೊಂಡು ಹೋಗುವುದು ತನ್ನ ಗಾಡಿಗೆ ಮಾತ್ರವಲ್ಲ, ಮುಖ ಕಾಣದ ಪರರಿಗೂ ಮಾಡಿದ ಉಪಕಾರ.

ಹತ್ತು ನಿಮಿಷದ ಮದ್ದು

ಈ ರೋಗಕ್ಕೆ ಬೆಲೆಬಾಳುವ ಯಂತ್ರವೇನೂ ಬೇಕಾಗಿಲ್ಲ. ಕೆಸರು ಹಸಿಯಾಗಿರುವಾಗಲೇ, ಅಂದರೆ ಡಾಂಬರಿಗೆ ಏರುವ ಮೊದಲೇ, ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಎಂಜಿನನ್ನು ಆರಿಸಬೇಕು. ಮೊಂಡು ಮರದ ಗೂಟದಿಂದ ರಿಮ್ಮಿನ ಒಳಮೂಲೆಯನ್ನು ಸುತ್ತಲೂ ಬಿಡಿಸಬೇಕು. ಗಾಡಿಯನ್ನು ಅರ್ಧ ಸುತ್ತು ಮುಂದೆ ಸರಿಸಿ, ಮತ್ತೆ ನಿಲ್ಲಿಸಿ ಅಡ್ಡಗಲ್ಲಿಟ್ಟು ಉಳಿದ ಭಾಗವನ್ನು ಬಿಡಿಸಬೇಕು. ಹಾರೆಯಂಥ ಚೂಪಾದ ಕಬ್ಬಿಣ ಒಳ್ಳೆಯದಲ್ಲ. ಗಾಳಿ ತುಂಬುವ ವಾಲ್ವಿಗೂ ಬ್ರೇಕಿನ ಕೊಳವೆಗೂ ಪೆಟ್ಟು ಬಿದ್ದೀತು. ಜೋಡಿ ಟಯರುಗಳ ಸಂದಿಯ ಕಲ್ಲುಗಳನ್ನೂ ಆಗಲೇ ತೆಗೆಯಬೇಕು. ಒಳಗಡೆ ಕತ್ತಲಾದ್ದರಿಂದ ಬ್ಯಾಟರಿ ದೀಪ ಹಿಡಿದು ನೋಡುವುದು ಮೇಲು. ಕಣ್ಣಿಗೆ ಕಾಣುವ ಹಿಂದಿನ ಹೊರಚಕ್ರವನ್ನು ಮಾತ್ರ ಬಿಡಿಸಿ, ಕಾಣದಿರುವ ಮುಂದಿನ ಚಕ್ರದ ಒಳಮೈಯನ್ನು ಮರೆಯುವುದು ಸಾಮಾನ್ಯವಾದ ತಪ್ಪು. ಸ್ಟೇರಿಂಗನ್ನು ನಡುಗಿಸುವುದು ಆ ಮರೆತ ಚಕ್ರವೇ.

ನೀರಿನಿಂದ ತೊಳೆಯುವುದಾದರೆ ರಭಸದ ಧಾರೆಯನ್ನು ಬೇರಿಂಗಿನ ಮುಚ್ಚಳಕ್ಕೆ ನೇರವಾಗಿ ಹಿಡಿಯಬಾರದು. ನೀರು ಒಳಹೊಕ್ಕು ಗ್ರೀಸನ್ನು ಕೆಡಿಸುತ್ತದೆ. ತೊಳೆದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಓಡಿಸುತ್ತ ಬ್ರೇಕನ್ನು ನಾಲ್ಕಾರು ಬಾರಿ ಹಗುರವಾಗಿ ಒತ್ತಿದರೆ, ಘರ್ಷಣೆಯ ಬಿಸಿಗೆ ಅದು ಒಣಗುತ್ತದೆ. ಹಿಮದ ನಾಡಿನವರು ಒದ್ದೆ ಬ್ರೇಕನ್ನು ಬಿಗಿದು ಗಾಡಿ ನಿಲ್ಲಿಸುವುದಿಲ್ಲ. ರಾತ್ರಿ ಅದು ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಹೆಪ್ಪುಗಟ್ಟದಿದ್ದರೂ, ಒದ್ದೆ ಡ್ರಮ್ಮು ಮಳೆಗಾಲದಲ್ಲಿ ತುಕ್ಕು ಹಿಡಿದು ಬ್ರೇಕಿಗೆ ಅಂಟಿಕೊಳ್ಳುವುದುಂಟು. ಆದುದರಿಂದ ಬ್ರೇಕನ್ನು ಒಣಗಿಸಿದ ಮೇಲೆಯೇ ಗಾಡಿಯನ್ನು ರಾತ್ರಿಗೆ ನಿಲ್ಲಿಸುವುದು ಲೇಸು.

ಗಾಡಿಯನ್ನು ಹೊಳೆಗೆ ಇಳಿಸಿ ತೊಳೆಯುವ ಪದ್ಧತಿ ಮಾತ್ರ ಸಲ್ಲದು. ತುಂಗೆಯೂ ಭದ್ರೆಯೂ ಈ ಎರಡು ಊರುಗಳ ಜೀವನದಿಗಳು. ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗಿ ಮುಂದಿನ ಸೀಮೆಗೆಲ್ಲ ಕುಡಿಯುವ ನೀರಾಗಿ ಹೋಗುತ್ತವೆ. ಚಕ್ರದ ಮಣ್ಣು ಹೊಳೆಗೆ ಸೇರಿದರೆ ಅಷ್ಟು ಕೇಡಿಲ್ಲ. ಅದರೊಡನೆ ಹೋಗುವ ಗ್ರೀಸು, ಎಣ್ಣೆಗಳೇ ಕೇಡು.

ಬೆಳಗ್ಗೆ ಶಿವಮೊಗ್ಗದಿಂದ ಹೊರಟು ದಾರಿಯಲ್ಲಿ ನಡುಗಿ ನಿಂತ ಆ ಲಾರಿಗೆ ಬೇಕಾಗಿದ್ದುದು ಹೊಸ ಟಯರಲ್ಲ, ಹೊಸ ಬೇರಿಂಗಲ್ಲ. ಒಂದು ಮರದ ಗೂಟ, ಒಂದು ಕೊಡ ನೀರು, ಹತ್ತು ನಿಮಿಷದ ಕಾಲ. ಲಾರಿಯಲ್ಲಿ ಚಾಲಕನ ಜೊತೆಗೆ ಹೋಗುವ ಹುಡುಗನನ್ನು ನಮ್ಮ ಜನ ಕ್ಲೀನರೆಂದು ಕರೆಯುತ್ತಾರೆ. ಆ ಹೆಸರಿನ ಕೆಲಸವನ್ನು ಕೀಳೆಂದು ಭಾವಿಸುವವರಿದ್ದಾರೆ. ಮಳೆಗಾಲದ ಸಂಜೆ, ದೀಪ ಹಿಡಿದು ಚಕ್ರದ ಒಳಮೂಲೆಯನ್ನು ಬಿಡಿಸುವ ಆ ಹುಡುಗನ ಕೈಯಲ್ಲಿ ಗಾಡಿಯವರ ಜೀವವೂ ದಾರಿಹೋಕರ ಜೀವವೂ ಇವೆಯೆಂಬುದನ್ನು ಅರಿತವರು ಅವನನ್ನು ಹಾಗೆ ಕಾಣಲಾರರು.